ತೊಟ್ಟಿನ ತುದಿಯ ಬಾಗಿಲು

ಮಂಗಳೂರಿನ ಕಂಕನಾಡಿಯಿಂದ ಪಂಪ್‌ವೆಲ್ ದಾಟಿ ನಾಗುರಿಯ ಕಡೆಗೆ ಹೋದರೆ, ಅಪಾರ್ಟ್‌ಮೆಂಟುಗಳ ಸಂದಿಯಲ್ಲಿ ಇನ್ನೂ ಹಟ್ಟಿ ಉಳಿಸಿಕೊಂಡಿರುವ ಮನೆಗಳು ಒಂದೆರಡಾದರೂ ಸಿಗುತ್ತವೆ. ಅಂಥ ಒಂದು ಹಟ್ಟಿಯಲ್ಲಿ ನನಗೆ ಪರಿಚಯದ ಅಕ್ಕ ಒಬ್ಬರು ಬೆಳಗ್ಗೆ ಹಾಲು ಕರೆಯಲು ಕೂರುವ ಮೊದಲು ಒಂದು ಕೆಲಸ ಮಾಡುತ್ತಾರೆ. ಸ್ಟೀಲಿನ ಲೋಟದ ಬಾಯಿಗೆ ಕಪ್ಪು ಬಟ್ಟೆಯೊಂದನ್ನು ಬಿಗಿದು, ನಾಲ್ಕೂ ಮೊಲೆಗಳಿಂದ ಎರಡೆರಡು ಧಾರೆ ಅದರ ಮೇಲೆ ಬಿಡುತ್ತಾರೆ. ಹಾಲು ಸೋಸಿ ಕೆಳಗಿಳಿಯುತ್ತದೆ. ಬಟ್ಟೆಯ ಮೇಲೆ ಏನೂ ಉಳಿಯದಿದ್ದರೆ ಆ ದಿನ ನೆಮ್ಮದಿ. ರವೆಯ ಕಾಳಿನಷ್ಟು ದೊಡ್ಡ ಬಿಳಿ ಚೂರೊಂದು ಉಳಿದರೆ ಅವರ ಕೈ ತಟ್ಟನೆ ಕೆಚ್ಚಲಿನ ಆ ಭಾಗಕ್ಕೆ ಹೋಗುತ್ತದೆ. ಬಿಸಿ ಇದೆಯೇ, ಗಟ್ಟಿಯಾಗಿದೆಯೇ, ಮುಟ್ಟಿದರೆ ದನ ಕಾಲು ಎತ್ತುತ್ತದೆಯೇ ಎಂದು ನೋಡುತ್ತಾರೆ.

ಆ ಕಾಳಿನ ಹೆಸರು ಕೆಚ್ಚಲು ಬಾವು. ಹೈನುಗಾರನ ಲಾಭವನ್ನು ಇಷ್ಟು ಸದ್ದಿಲ್ಲದೆ ತಿನ್ನುವ ರೋಗ ಮತ್ತೊಂದಿಲ್ಲ. ದೇಶಕ್ಕೆ ಇದರಿಂದ ಆಗುವ ವಾರ್ಷಿಕ ನಷ್ಟವನ್ನು 1962ರಲ್ಲಿ 52.9 ಕೋಟಿ ರೂಪಾಯಿ ಎಂದು ಅಂದಾಜು ಮಾಡಿದ್ದರು. 2009ರ ಅಂದಾಜು 7,165 ಕೋಟಿ. ರೂಪಾಯಿಯ ಬೆಲೆ ಬಿದ್ದದ್ದನ್ನೂ ಹಾಲಿನ ಪ್ರಮಾಣ ಏರಿದ್ದನ್ನೂ ಲೆಕ್ಕಕ್ಕೆ ಹಿಡಿಯಬೇಕು, ನಿಜ. ಆದರೂ ಪೆನಿಸಿಲಿನ್ ಬಂತು, ಹಳ್ಳಿಹಳ್ಳಿಗೆ ಪಶುವೈದ್ಯ ಆಸ್ಪತ್ರೆ ಬಂತು, ರೋಗ ಮಾತ್ರ ಹೋಗಲಿಲ್ಲ. ಯಾಕೆ ಎಂದು ಹುಡುಕುತ್ತ ಹೋದಾಗ ನನಗೆ ಕಂಡದ್ದು ಇದು: ದಶಕಗಳ ಕಾಲ ಎಲ್ಲರೂ ಮೊಲೆಯ ತುದಿಯ ಸಣ್ಣ ತೂತಿನಿಂದ ಒಳಕ್ಕೆ ಏನು ಹಾಕಬಹುದು ಎಂದೇ ಯೋಚಿಸಿದರು. ಆ ತೂತನ್ನು ಕಾಯುವುದು ಹೇಗೆ ಎಂಬ ಯೋಚನೆ ಬಂದದ್ದು ಬಹಳ ತಡವಾಗಿ.

ಆ ತೂತಿನ ಬಗ್ಗೆ ಸ್ವಲ್ಪ ಹೇಳಬೇಕು. ಕೆಚ್ಚಲು ಹೊರಗಿನಿಂದ ಒಂದೇ ಚೀಲದ ಹಾಗೆ ಕಂಡರೂ ಒಳಗೆ ನಾಲ್ಕು ಬೇರೆ ಬೇರೆ ಕೋಣೆಗಳು. ಒಂದರ ಹಾಲು ಇನ್ನೊಂದಕ್ಕೆ ಹರಿಯುವುದಿಲ್ಲ. ಒಂದೊಂದು ಕೋಣೆಗೂ ಒಂದೊಂದೇ ಬಾಗಿಲು, ಮೊಲೆತೊಟ್ಟಿನ ತುದಿಯ ನಾಳ. ಹಸುವಿನಲ್ಲಿ ಅದರ ಉದ್ದ ಸುಮಾರು ಒಂದು ಸೆಂಟಿಮೀಟರ್. ಸುತ್ತಲೂ ಬಿಗಿಯುವ ಸ್ನಾಯುವಿನ ಬಳೆ, ಒಳಗೋಡೆಗೆ ನಮ್ಮ ಉಗುರಿನಲ್ಲಿರುವಂಥ ಕೆರಾಟಿನ್‌ನ ಲೇಪ. ಹಾಲು ಕರೆದಾದ ಮೇಲೆ ಈ ನಾಳ ಮತ್ತೆ ಬಿಗಿಯಲು ಅರ್ಧ ಗಂಟೆಯಿಂದ ಎರಡು ಗಂಟೆಯವರೆಗೆ ಹಿಡಿಯುತ್ತದೆ. ಅಷ್ಟರೊಳಗೆ ದನ ಸೆಗಣಿಯ ಮೇಲೆ ಮಲಗಿತೋ, ಬಾಗಿಲು ತೆರೆದಿಟ್ಟು ಕಳ್ಳನನ್ನು ಕರೆದ ಹಾಗೆ.

ಕನ್ನಡದಲ್ಲಿ ದನಗಳ ವೈದ್ಯಕ್ಕೆ ಪುಸ್ತಕ ಬಂದದ್ದು ತೀರ ಹಿಂದೆಯೇ. ಕಲ್ಯಾಣದ ಚಾಳುಕ್ಯರ ಮನೆತನದ ಕೀರ್ತಿವರ್ಮ ಹನ್ನೊಂದು-ಹನ್ನೆರಡನೇ ಶತಮಾನದ ಸಂಧಿಯಲ್ಲಿ ‘ಗೋವೈದ್ಯ’ ಬರೆದ. ಮದ್ದು ಮತ್ತು ಮಂತ್ರ ಅದರಲ್ಲಿ ಜೊತೆಜೊತೆಯಾಗಿ ಬರುತ್ತವೆ. ತುಳುನಾಡಿನ ಹಟ್ಟಿಗಳಲ್ಲಿ ನನ್ನ ಅಜ್ಜಿಯ ಕಾಲದವರೆಗೂ ಅದೇ ಜೋಡಿ ನಡೆಯುತ್ತಿತ್ತು. ಹಾಲು ಒಡೆದರೆ, ನೆತ್ತರು ಬಂದರೆ ಮೊದಲು ದೃಷ್ಟಿ ತೆಗೆಯುವುದು, ನಾಗನಿಗೆ ಹಾಲು ಹರಕೆ ಹೇಳಿಕೊಳ್ಳುವುದು. ಜೊತೆಗೇ ಅರಿಶಿನ, ಬೆಳ್ಳುಳ್ಳಿ, ಬಿಸಿ ಮಾಡಿದ ಎಣ್ಣೆ. ನಂಬಿಕೆಯನ್ನು ಬದಿಗಿಟ್ಟು ಕೈಗಳನ್ನಷ್ಟೇ ನೋಡಿದರೆ ಅಜ್ಜಿ ಮಾಡುತ್ತಿದ್ದದ್ದು ಸರಿಯಾದ ಕೆಲಸ. ಬಾವು ಬಂದ ಮೊಲೆಯನ್ನು ಗಂಟೆಗೊಮ್ಮೆ ಹಿಂಡಿ ಖಾಲಿ ಮಾಡುತ್ತಿದ್ದಳು. ರೋಗಾಣುವೂ ಅದರ ವಿಷವೂ ಹಾಲಿನ ಜೊತೆ ಹೊರಬೀಳುತ್ತವೆ ಎಂಬ ಕಾರಣಕ್ಕೆ ಈಗಿನ ವೈದ್ಯರೂ ಅದನ್ನೇ ಹೇಳುತ್ತಾರೆ.

ರೋಗಕ್ಕೆ ಕಾರಣ ಕಣ್ಣಿಗೆ ಕಾಣದ ಜೀವಿ ಎಂದು ತೋರಿಸಿದ್ದು ಫ್ರಾನ್ಸಿನ ಪಶುವೈದ್ಯರಾದ ನೊಕಾರ್ ಮತ್ತು ಮೊಲೆರೊ, 1880ರ ದಶಕದಲ್ಲಿ. ಬಾವು ಬಂದ ಕೆಚ್ಚಲಿನ ಹಾಲಿನಲ್ಲಿ ಸರಪಳಿಯಂತೆ ಸಾಲುಗಟ್ಟಿದ ಸ್ಟ್ರೆಪ್ಟೊಕಾಕಸ್ ಅವರಿಗೆ ಕಂಡಿತು. ಬೋರಿಕ್ ಆಮ್ಲದ ದ್ರಾವಣವನ್ನು ಮೊಲೆಯ ಮೂಲಕ ಒಳಗೆ ಬಿಟ್ಟು ನೋಡಿದವರೂ ಅವರೇ. ತೂತಿನಿಂದ ಒಳಕ್ಕೆ ಮದ್ದು ಹಾಕುವ ದಾರಿಯ ಮೊದಲ ಹೆಜ್ಜೆಗಳಲ್ಲಿ ಅದೂ ಒಂದು.

ಅದೇ ದಶಕದಲ್ಲಿ ಇಲ್ಲಿ ಕಂಕನಾಡಿಯಲ್ಲಿ ಇನ್ನೊಂದು ಬಗೆಯ ವೈದ್ಯ ಬೇರೂರುತ್ತಿತ್ತು. ಜರ್ಮನಿಯ ಜೆಸುಯಿಟ್ ಪಾದ್ರಿ ಆಗಸ್ಟಸ್ ಮುಲ್ಲರ್ 1880ರಲ್ಲಿ ಆಲದ ಮರದ ಕೆಳಗೆ ಬಡವರಿಗೆ ಹೋಮಿಯೋಪಥಿ ಗುಳಿಗೆ ಹಂಚಲು ಶುರುಮಾಡಿದರು. ಇಂದಿನ ಫಾದರ್ ಮುಲ್ಲರ್ ಆಸ್ಪತ್ರೆ ಬೆಳೆದದ್ದು ಅಲ್ಲಿಂದ. ಅದು ಮನುಷ್ಯರ ಆಸ್ಪತ್ರೆ. ಆದರೆ ಊರಿನ ತುಂಬ ಹೋಮಿಯೋಪಥಿ ಮನೆಮಾತಾದ ಮೇಲೆ ಜನ ದನವನ್ನು ಮನೆಯ ಮಂದಿಯಿಂದ ಬೇರೆ ಮಾಡಲಿಲ್ಲ. ನಮ್ಮ ಮನೆಯಲ್ಲಿ ಕೆಚ್ಚಲು ಗಟ್ಟಿಯಾದಾಗ ಸಿಹಿ ಗುಳಿಗೆಯನ್ನು ಬಾಳೆಹಣ್ಣಿನೊಳಗಿಟ್ಟು ತಿನ್ನಿಸಿದ್ದು ನನಗೆ ನೆನಪಿದೆ. ಕೆಚ್ಚಲು ಬಾವಿಗೆ ಹೋಮಿಯೋಪಥಿಯವರು ಹೆಚ್ಚಾಗಿ ಹೇಳುವ ಮದ್ದು ಫೈಟೊಲಾಕ. ದನ ಗುಣವಾಯಿತು. ಗುಳಿಗೆಯಿಂದಲೋ, ಅಜ್ಜಿ ಹಗಲೂ ರಾತ್ರಿ ಹಿಂಡಿದ್ದರಿಂದಲೋ ಎಂದು ಕೇಳಿದರೆ ನಾನು ಹಿಂಡಿದ್ದರ ಕಡೆಗೇ ನಿಲ್ಲುತ್ತೇನೆ. ಮದ್ದು ಕೊಟ್ಟ ದನ, ಕೊಡದ ದನ ಎಂದು ವಿಂಗಡಿಸಿ ಮಾಡಿದ ಪ್ರಯೋಗಗಳಲ್ಲಿ ಹೋಮಿಯೋಪಥಿಗೆ ಗಟ್ಟಿ ಆಧಾರ ಸಿಕ್ಕಿಲ್ಲ.

ಹಾಲು ಜ್ವರದ ಕಥೆ ಕೆಚ್ಚಲಿನ ರೋಗದ್ದಲ್ಲ, ಆದರೆ ಚಿಕಿತ್ಸೆ ಕೆಚ್ಚಲಿನ ಮೂಲಕವೇ ನಡೆದದ್ದರಿಂದ ಬಿಡುವ ಹಾಗಿಲ್ಲ. ಕರು ಹಾಕಿದ ಒಂದೆರಡು ದಿನದಲ್ಲಿ ಒಳ್ಳೇ ಹಾಲು ಕೊಡುವ ಹಸು ನಡುಗಿ, ಕುಸಿದು, ಕುತ್ತಿಗೆಯನ್ನು ಪಕ್ಕೆಗೆ ತಿರುಗಿಸಿ ಮಲಗಿಬಿಡುತ್ತದೆ. ಆಗಿನ ಕಾಲದಲ್ಲಿ ಹಾಗೆ ಬಿದ್ದವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಏಳುತ್ತಿರಲಿಲ್ಲ. ಕೆಚ್ಚಲಿನಲ್ಲಿ ಹುಟ್ಟಿದ ವಿಷವೇ ಇದಕ್ಕೆ ಕಾರಣ ಎಂದು ನಂಬಿದ ಡೆನ್ಮಾರ್ಕಿನ ಶ್ಮಿಟ್ 1897ರಲ್ಲಿ ಮೊಲೆಯ ಮೂಲಕ ಪೊಟ್ಯಾಸಿಯಂ ಅಯೊಡೈಡ್ ಬಿಟ್ಟ. ಹಸುಗಳು ಎದ್ದು ನಿಂತವು. 1901ರಲ್ಲಿ ಅದೇ ದೇಶದ ಆಂಡರ್ಸನ್ ಮದ್ದನ್ನೂ ಕೈಬಿಟ್ಟು ಬರೀ ಗಾಳಿ ತುಂಬಿದ. ಆಗಲೂ ಎದ್ದು ನಿಂತವು! ಕಾರಣ ತಿಳಿದದ್ದು 1925ರಲ್ಲಿ, ಡ್ರೈಯರ್ ಮತ್ತು ಗ್ರೆಗ್ ಎಂಬಿಬ್ಬರು ರಕ್ತದಲ್ಲಿ ಕ್ಯಾಲ್ಸಿಯಂ ಕುಸಿಯುವುದೇ ಈ ರೋಗ ಎಂದು ಹೇಳಿದಾಗ. ಕೆಚ್ಚಲು ಗಾಳಿಯಿಂದ ಬಿಗಿದಾಗ ಹಾಲು ಇಳಿಯುವುದು ನಿಲ್ಲುತ್ತದೆ, ಹಾಲಿಗೆ ಹರಿದು ಹೋಗುತ್ತಿದ್ದ ಕ್ಯಾಲ್ಸಿಯಂ ರಕ್ತದಲ್ಲೇ ಉಳಿಯುತ್ತದೆ. ತಪ್ಪು ತಿಳಿವಳಿಕೆಯಿಂದ ಸರಿಯಾದ ಚಿಕಿತ್ಸೆ ಹುಟ್ಟಿತ್ತು. ಆದರೆ ಕೊಳಕು ಪಂಪಿನಿಂದ ತುಂಬಿದ ಗಾಳಿ ಎಷ್ಟೋ ಹಸುಗಳಿಗೆ ಹೊಸದಾಗಿ ಕೆಚ್ಚಲು ಬಾವು ತಂದಿತು. ಈಗ ಕ್ಯಾಲ್ಸಿಯಂ ಬೋರೊಗ್ಲುಕೊನೇಟ್ ಬಾಟಲಿಯನ್ನು ನರಕ್ಕೆ ಹಾಕುತ್ತಾರೆ. ಬಾಟಲಿ ಮುಗಿಯುವಷ್ಟರಲ್ಲಿ ತೇಗಿ, ಸೆಗಣಿ ಹಾಕಿ ಎದ್ದು ನಿಲ್ಲುವ ಹಸುವನ್ನು ನೋಡಿದವರಿಗೆ ಪಶುವೈದ್ಯರ ಮೇಲೆ ಜೀವಮಾನದ ಗೌರವ ಬರುತ್ತದೆ.

1940ರ ದಶಕದಲ್ಲಿ ಪೆನಿಸಿಲಿನ್ ಕೆಚ್ಚಲಿಗೆ ಇಳಿಯಿತು. ಸ್ಟ್ರೆಪ್ಟೊಕಾಕಸ್ ಬಾವು ಒಂದೆರಡು ಟ್ಯೂಬಿಗೆ ವಾಸಿಯಾಗತೊಡಗಿದಾಗ ರೋಗದ ಕಥೆ ಮುಗಿಯಿತು ಎಂದೇ ಬಹಳ ಮಂದಿ ಭಾವಿಸಿದರು. ಪುಣೆಯ ಬಳಿಯ ಪಿಂಪ್ರಿಯಲ್ಲಿ ಹಿಂದುಸ್ತಾನ್ ಆ್ಯಂಟಿಬಯೋಟಿಕ್ಸ್ 1950ರ ದಶಕದಲ್ಲಿ ಪೆನಿಸಿಲಿನ್ ತಯಾರಿಸಲು ಶುರುಮಾಡಿದ ಮೇಲೆ ನಮ್ಮಲ್ಲೂ ಅದು ಕೈಗೆಟುಕಿತು. ಸ್ಟ್ರೆಪ್ಟೊಕಾಕಸ್ ಹಿಂದೆ ಸರಿದ ಜಾಗಕ್ಕೆ ಸ್ಟೆಫಿಲೊಕಾಕಸ್ ಬಂದು ಕೂತಿತು. ಇದು ಕೆಚ್ಚಲಿನ ಮಾಂಸದೊಳಗೆ ಗಂಟು ಕಟ್ಟಿಕೊಂಡು ಅಡಗುತ್ತದೆ, ಪೆನಿಸಿಲಿನ್ನನ್ನೇ ಒಡೆಯುವ ಕಿಣ್ವ ತಯಾರಿಸುತ್ತದೆ. ಟ್ಯೂಬಿನ ಮದ್ದು ಅಲ್ಲಿಗೆ ಮುಟ್ಟುವುದೇ ಇಲ್ಲ.

ಹೊಸ ಮದ್ದಿನ ಇನ್ನೊಂದು ಪಾಠ ಅಡುಗೆಮನೆಯಲ್ಲಿ ಸಿಕ್ಕಿತು. ಟ್ಯೂಬು ಹಾಕಿದ ದಿನದ ಹಾಲಿಗೆ ಹೆಪ್ಪು ಹಾಕಿದರೆ ಮೊಸರು ಆಗುವುದಿಲ್ಲ. ಹೆಪ್ಪಿನ ಬ್ಯಾಕ್ಟೀರಿಯವನ್ನೂ ಮದ್ದು ಕೊಲ್ಲುತ್ತದೆ. ಮೊಸರಾಗದ ಹಾಲು ಕುಡಿದವರ ಹೊಟ್ಟೆಗೆ ಏನು ಹೋಗುತ್ತಿದೆ ಎಂಬ ಪ್ರಶ್ನೆ ಆಗಲೇ ಏಳಬೇಕಿತ್ತು. ಟ್ಯೂಬಿನ ಪೆಟ್ಟಿಗೆಯ ಮೇಲೆ ಎಷ್ಟು ದಿನ ಹಾಲು ಮಾರಬಾರದು ಎಂದು ಅಚ್ಚಾಗಿರುತ್ತದೆ. ಅದನ್ನು ಓದುವವರು ಕಡಿಮೆ. ಓದಿದರೂ ಮೂರು ನಾಲ್ಕು ದಿನದ ಹಾಲನ್ನು ತೆಂಗಿನ ಬುಡಕ್ಕೆ ಚೆಲ್ಲಲು ಮನಸ್ಸು ಬರುವುದು ಕಷ್ಟ, ಅದರ ಹಿಂದಿನ ಬಡತನ ನನಗೆ ಅರ್ಥವಾಗುತ್ತದೆ. ಆದರೂ ಚೆಲ್ಲಲೇಬೇಕು.

ಇಷ್ಟರಲ್ಲಿ ನಮ್ಮ ಜಿಲ್ಲೆಯ ದನವೇ ಬದಲಾಯಿತು. ಮೊದಲು ಹಟ್ಟಿ ತುಂಬ ಮಲೆನಾಡು ಗಿಡ್ಡ. ಗಿಡ್ಡದ ಕೆಚ್ಚಲು ಒಂದು ಬೊಗಸೆ, ಮೊಲೆ ಎರಡು ಬೆರಳಿಗೆ ಸಾಕಾಗುವಷ್ಟು. ದಿನಕ್ಕೆ ಒಂದೆರಡು ಸೇರು ಹಾಲು. ನೆಲದಿಂದ ಎತ್ತರದಲ್ಲಿ ಹೊಟ್ಟೆಗೆ ಅಂಟಿಕೊಂಡ ಆ ಕೆಚ್ಚಲಿಗೆ ಬಾವು ಬಂದದ್ದನ್ನು ನಾನು ಕಂಡದ್ದೇ ಅಪರೂಪ. 1970ರ ದಶಕದಲ್ಲಿ ಟಿ.ಎ. ಪೈ ಅವರ ಮುತುವರ್ಜಿಯಿಂದ ಮಣಿಪಾಲದಲ್ಲಿ ಹಾಲು ಒಕ್ಕೂಟ ಹುಟ್ಟಿತು. 1980ರ ದಶಕದಲ್ಲಿ ದಕ್ಷಿಣ ಕನ್ನಡ ಒಕ್ಕೂಟ ರೂಪುಗೊಂಡು, ಕಂಕನಾಡಿಗೆ ಹತ್ತಿರದ ಕುಲಶೇಖರದಲ್ಲಿ ಡೇರಿ ಎದ್ದಿತು. ಊರೂರಿಗೆ ಸೊಸೈಟಿ, ಸೊಸೈಟಿಯ ಹಿಂದೆಯೇ ಕೃತಕ ಗರ್ಭಧಾರಣೆ. ಜರ್ಸಿ, ಎಚ್ಎಫ್ ಮಿಶ್ರತಳಿಗಳು ಹಟ್ಟಿಗೆ ಬಂದವು. ಆದಾಯ ಬಂತು, ಎಷ್ಟೋ ಮನೆಯ ಮಕ್ಕಳು ಆ ಹಾಲಿನ ದುಡ್ಡಿನಲ್ಲಿ ಓದಿದರು. ಜೋತುಬಿದ್ದ ದೊಡ್ಡ ಕೆಚ್ಚಲೂ ಬಂತು. ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಈ ಕರಾವಳಿಯಲ್ಲಿ, ಆಟಿ ತಿಂಗಳ ಥಂಡಿಯಲ್ಲಿ, ಒಣಗದ ಹಟ್ಟಿಯ ನೆಲಕ್ಕೆ ಆ ಕೆಚ್ಚಲು ತಾಗತೊಡಗಿತು.

ನಮ್ಮ ಕೈಗಳು ಮಾತ್ರ ಬದಲಾಗಲಿಲ್ಲ. ಗಿಡ್ಡದ ಪುಟ್ಟ ಮೊಲೆಯನ್ನು ಹೆಬ್ಬೆರಳು ಮಡಚಿ, ಎಳೆದು ಕರೆದ ಅಭ್ಯಾಸವನ್ನೇ ಎಚ್ಎಫ್‌ನ ಉದ್ದ ಮೊಲೆಗೂ ಮುಂದುವರಿಸಿದೆವು. ಮಡಚಿದ ಹೆಬ್ಬೆರಳಿನ ಗಿಣ್ಣು ದಿನಕ್ಕೆ ಎರಡು ಹೊತ್ತು ನೂರಾರು ಸಲ ಮೊಲೆಯ ಒಳಪೊರೆಯನ್ನು ಜಜ್ಜುತ್ತದೆ. ನಾಗುರಿಯ ಹಟ್ಟಿಗೆ ಬಂದ ಪಶುವೈದ್ಯರು ಅಕ್ಕನಿಗೆ ಹೇಳಿದ್ದನ್ನು ನಾನು ಪಕ್ಕದಲ್ಲೇ ನಿಂತು ಕೇಳಿದ್ದೇನೆ.

“ಹೆಬ್ಬೆರಳು ಮಡಚ್ಬೇಡಿ ಅಕ್ಕಾ. ಮುಷ್ಟಿಯಲ್ಲಿ ಹಿಡಿದು ಮೇಲಿಂದ ಕೆಳಗೆ ಒತ್ತಿಕೊಂಡು ಬನ್ನಿ.”

“ಇಷ್ಟು ವರ್ಷ ಹೀಗೇ ಕರೆದದ್ದಲ್ವಾ ಡಾಕ್ಟ್ರೇ?”

“ಅದಕ್ಕೇ ಒಳಗೆ ಗಂಟಾಗಿದೆ ನೋಡಿ. ಇಲ್ಲಿ ಮುಟ್ಟಿ.”

ಅಕ್ಕ ಮುಟ್ಟಿದರು. ನಾನೂ ಮುಟ್ಟಿದೆ. ಮೊಲೆಯ ನಡುವೆ ಅಲಸಂದೆ ಕಾಳಿನಂಥ ಗಟ್ಟಿ ಗಂಟು ಬೆರಳಿಗೆ ಸಿಕ್ಕಿತು. ಧಾರೆ ಬಾಗಿ ಬೀಳುತ್ತಿದ್ದದ್ದು ಅದರಿಂದ.

ಮೊಲೆ ಕಟ್ಟಿಕೊಂಡರೆ ಏನು ಮಾಡಬಾರದು ಎಂಬುದಕ್ಕೆ ನಮ್ಮ ಮನೆಯದೇ ಸಾಕ್ಷಿ ಇದೆ. ಹಾಲು ಬಾರದ ಮೊಲೆಗೆ ಹಿಡಿಸೂಡಿಯ ಕಡ್ಡಿಯೊಂದನ್ನು ತೊಳೆದು, ಎಣ್ಣೆ ಹಚ್ಚಿ ಏರಿಸಿದ್ದು ನಮ್ಮವರೇ. ಹಾಲು ಬಂತು, ಎರಡು ದಿನ. ಮೂರನೇ ದಿನ ಕೀವು. ಆ ಕೋಣೆ ಮತ್ತೆ ಹಾಲು ಕೊಡಲಿಲ್ಲ, ಆ ಹಸು ಕೊನೆಯವರೆಗೂ ಮೂರೇ ಮೊಲೆಯಲ್ಲಿ ಕರೆಸಿಕೊಂಡಿತು. ಪಶುವೈದ್ಯರ ಪೆಟ್ಟಿಗೆಯಲ್ಲಿ ಇದಕ್ಕೆಂದೇ ಸಲಕರಣೆಗಳಿವೆ. ಗಂಟನ್ನು ಹಿಡಿದು ಕತ್ತರಿಸುವ ಹಡ್ಸನ್ ಸುರುಳಿ, ಬಿಗಿದ ತೂತನ್ನು ಅಳತೆಯಿಂದ ಸೀಳುವ ಲಿಕ್ಟಿ ಚೂರಿ, ಹಾಲು ಇಳಿಸುವ ಸಣ್ಣ ನಳಿಕೆ. ಮೊಲೆಯ ಬುಡದ ಸುತ್ತ ಲಿಗ್ನೊಕೇನ್ ಚುಚ್ಚಿ ಜೋಮು ಹಿಡಿಸಿದ ಮೇಲೆಯೇ ಅವು ಒಳಗೆ ಹೋಗುತ್ತವೆ. ತಂತಿ ಬೇಲಿಗೆ ಸಿಕ್ಕಿ ಹರಿದ ಮೊಲೆಯನ್ನು ಪದರ ಪದರವಾಗಿ ಹೊಲಿಯುತ್ತಾರೆ, ಗಾಯ ಹಳತಾದಷ್ಟೂ ಹೊಲಿಗೆ ನಿಲ್ಲುವ ಆಸೆ ಕಡಿಮೆ. ಈಚೆಗೆ ಅಲ್ಟ್ರಾಸೌಂಡ್‌ನಲ್ಲಿ ಮೊಲೆಯ ಒಳಗನ್ನು ನೋಡಿ, ಎಂಡೊಸ್ಕೋಪ್ ಇಳಿಸಿ ಗಂಟನ್ನಷ್ಟೇ ತೆಗೆಯುವ ಕ್ರಮವೂ ಬಂದಿದೆ. ಅದಿನ್ನೂ ವೆಟರ್ನರಿ ಕಾಲೇಜುಗಳ ಆಸ್ಪತ್ರೆಯ ಮಟ್ಟದ್ದು.

ಮೊಲೆಯ ಹೊರಚರ್ಮಕ್ಕೆ ಬರುವ ರೋಗಗಳದ್ದು ಬೇರೆಯೇ ವಂಶ. ಸಿಡುಬಿನ ಜಾತಿಯ ಗುಳ್ಳೆಗಳು, ಕಾಲುಬಾಯಿ ಜ್ವರದ ಹುಣ್ಣು, 2022ರಲ್ಲಿ ರಾಜ್ಯವನ್ನು ಕಾಡಿದ ಚರ್ಮಗಂಟು ರೋಗ. ಇವು ಮೊಲೆಯ ತುದಿಗೆ ಬಂದರೆ ಹಿಂದೆಯೇ ಬಾವು ಬರುತ್ತದೆ. ನೋವಿಗೆ ಹಸು ಕರೆಯಲು ಬಿಡುವುದಿಲ್ಲ, ಹಾಲು ಒಳಗೇ ನಿಲ್ಲುತ್ತದೆ.

ಎಮ್ಮೆಯ ವಿಷಯಕ್ಕೆ ಬರುವುದಾದರೆ, ಕರಾವಳಿಯವರಿಗೆ ಎರ್ಮೆ ಎಂದರೆ ಮೊದಲು ಕಂಬಳದ ಕೋಣವೇ ಕಣ್ಣಮುಂದೆ ಬರುವುದು. ಎಮ್ಮೆ ಹಾಲಿನ ನಾಡು ಧಾರವಾಡ, ಬೆಳಗಾವಿ, ಬಾಗಲಕೋಟೆ. ಧಾರವಾಡ ಪೇಡೆಯ ಹಿಂದೆ ಇರುವುದು ಆ ಹಾಲು. ಎಮ್ಮೆಯ ತೊಟ್ಟಿನ ನಾಳ ಹಸುವಿನದಕ್ಕಿಂತ ಉದ್ದ, ಅದನ್ನು ಬಿಗಿಯುವ ಸ್ನಾಯುವೂ ಬಲ. ಆದ್ದರಿಂದ ಎಮ್ಮೆಗೆ ಬಾವು ಹಸುವಿಗಿಂತ ಕಡಿಮೆ. ಅದರ ಹಾಲಿನಲ್ಲಿ ನೂರಕ್ಕೆ ಸುಮಾರು ಐದು ಪಾಲು ಮಾತ್ರ ಮೊಲೆಯ ಮೇಲಿನ ಚೀಲದಲ್ಲಿರುತ್ತದೆ. ಉಳಿದದ್ದು ಸೊರೆ ಬಿಟ್ಟ ಮೇಲೆಯೇ ಇಳಿಯಬೇಕು. ಕರು ಮೂತಿ ತಾಗಿಸಬೇಕು, ಕೈ ಸವರಬೇಕು, ಎದುರಿಗೆ ಹಿಂಡಿ ಇರಬೇಕು. ಅಷ್ಟು ಕಾಯಲಾರದೆ ಆಕ್ಸಿಟೋಸಿನ್ ಚುಚ್ಚುವವರು, ಸೊರೆ ಬಿಡದ ಮೊಲೆಗೆ ಯಂತ್ರ ಹಾಕುವವರು ಆ ಗಟ್ಟಿ ಬಾಗಿಲನ್ನೂ ಕೈಯಾರೆ ಕೆಡಿಸುತ್ತಾರೆ.

ಈ ಚರಿತ್ರೆ ದಿಕ್ಕು ತಿರುಗಿಸಿದ ವರ್ಷ 1957 ಎಂದು ನಾನು ಹೇಳುತ್ತೇನೆ. ಆ ವರ್ಷ ಅಮೆರಿಕದ ಶಾಲ್ಮ್ ಮತ್ತು ನೂರ್ಲ್ಯಾಂಡರ್ ಹಟ್ಟಿಯಲ್ಲೇ ಮಾಡಬಹುದಾದ ಪರೀಕ್ಷೆಯೊಂದನ್ನು ಕೊಟ್ಟರು, ಕ್ಯಾಲಿಫೋರ್ನಿಯಾ ಮ್ಯಾಸ್ಟೈಟಿಸ್ ಟೆಸ್ಟ್. ನಾಲ್ಕು ಗುಳಿಯ ತಟ್ಟೆ, ಪ್ರತಿ ಗುಳಿಗೆ ಒಂದೊಂದು ಮೊಲೆಯ ಹಾಲು, ಮೇಲೆ ಅಷ್ಟೇ ಸೋಪಿನಂಥ ದ್ರಾವಣ. ತಟ್ಟೆಯನ್ನು ಮೆಲ್ಲಗೆ ತಿರುಗಿಸಬೇಕು. ರೋಗಾಣುವಿನ ಜೊತೆ ಹೋರಾಡಲು ಬಂದ ಬಿಳಿ ರಕ್ತಕಣಗಳನ್ನು ಆ ದ್ರಾವಣ ಒಡೆಯುತ್ತದೆ, ಅವುಗಳ ಡಿಎನ್ಎ ಹೊರಬಂದು ಹಾಲು ಲೋಳೆಯಾಗುತ್ತದೆ. ಕಣ ಹೆಚ್ಚಿದಷ್ಟೂ ಲೋಳೆ ಹೆಚ್ಚು. ಪಾಕಿಸ್ತಾನದ ಫೈಸಲಾಬಾದಿನ ಪಶುವೈದ್ಯರು ಬಟ್ಟೆ ಒಗೆಯುವ ಸರ್ಫ್ ಪುಡಿಯ ನೀರಿನಲ್ಲೇ ಇದನ್ನು ಮಾಡಿ ತೋರಿಸಿದರು. ಕಣ್ಣಿಗೆ ಹಾಲು ಹಾಲಾಗಿಯೇ ಇದ್ದು, ಕೆಚ್ಚಲೂ ಮೆತ್ತಗಿದ್ದು, ಒಳಗೆ ಮಾತ್ರ ರೋಗ ಇರುವ ಸುಪ್ತ ಕೆಚ್ಚಲು ಬಾವು ಎಷ್ಟು ವ್ಯಾಪಕ ಎಂದು ಇದರಿಂದ ಬೆಳಕಿಗೆ ಬಂತು. ಸೊಸೈಟಿಯಲ್ಲಿ ‘ಎಸ್ಎನ್ಎಫ್ ಕಡಿಮೆ’, ಅಂದರೆ ಕೊಬ್ಬು ಬಿಟ್ಟು ಉಳಿದ ಘನಾಂಶ ಕಡಿಮೆ, ಎಂದು ದರ ಇಳಿಸಿದಾಗ ನೀರು ಬೆರೆಸಿದ ಆರೋಪ ಹೊತ್ತು ತಲೆತಗ್ಗಿಸಿ ಬಂದ ಹೆಂಗಸರನ್ನು ನಾನು ಬಲ್ಲೆ. ಅವರಲ್ಲಿ ಕೆಲವರ ಹಸುವಿಗೆ ಇದ್ದದ್ದು ಸುಪ್ತ ಬಾವು. ಬಾವು ಬಂದ ಕೆಚ್ಚಲಿನಲ್ಲಿ ಹಾಲಿನ ಸಕ್ಕರೆಯೂ ಕೇಸೀನೂ ಕಡಿಮೆಯಾಗಿ ಉಪ್ಪು ಏರುತ್ತದೆ, ನಾಲಗೆಗೇ ಗೊತ್ತಾಗುತ್ತದೆ.

ಕಾಣದ ರೋಗ ಕಂಡ ಮೇಲೆ ಇಂಗ್ಲೆಂಡಿನ ರೆಡಿಂಗ್ ಬಳಿಯ ಹೈನು ಸಂಶೋಧನಾ ಸಂಸ್ಥೆಯಲ್ಲಿ ನೀವ್, ಡಾಡ್, ಕಿಂಗ್‌ವಿಲ್ ಮತ್ತು ಅವರ ಜೊತೆಗಾರರು 1960ರ ದಶಕದಲ್ಲಿ ಪ್ರಶ್ನೆಯನ್ನೇ ತಿರುವಿ ಹಾಕಿದರು. ಬಂದ ಬಾವನ್ನು ಹೇಗೆ ವಾಸಿ ಮಾಡುವುದು ಎನ್ನುವ ಬದಲು ಹೊಸ ಬಾವು ಹೇಗೆ ಬರುತ್ತದೆ ಎಂದು ಕೇಳಿದರು. ಕರೆಯುವವರ ಕೈಯಿಂದ, ಒರೆಸುವ ಒಂದೇ ಬಟ್ಟೆಯಿಂದ, ಯಂತ್ರದ ರಬ್ಬರಿನಿಂದ ಎಂದು ಉತ್ತರ ಬಂತು. ಅದನ್ನು ತಡೆಯಲು ಅವರು ಹೇಳಿದ್ದು ಐದು ಕ್ರಮ: ಕರೆದ ಕೂಡಲೇ ನಾಲ್ಕೂ ಮೊಲೆಯ ತುದಿಯನ್ನು ಅಯೋಡಿನ್‌ನಂಥ ದ್ರಾವಣದಲ್ಲಿ ಅದ್ದುವುದು, ಹಾಲು ಬತ್ತಿಸುವಾಗ ದೀರ್ಘಕಾಲ ನಿಲ್ಲುವ ಮದ್ದನ್ನು ಒಳಗಿಟ್ಟು ಬಿಡುವುದು, ಯಂತ್ರವನ್ನು ಸುಸ್ಥಿತಿಯಲ್ಲಿಡುವುದು, ಕಾಣಿಸಿದ ರೋಗಕ್ಕೆ ಕೂಡಲೇ ಮದ್ದು, ಮತ್ತೆ ಮತ್ತೆ ಬಾವು ಬರುವ ಹಸುವನ್ನು ಮಂದೆಯಿಂದ ತೆಗೆಯುವುದು. ಕೊನೆಯದು ನಮ್ಮಲ್ಲಿ ನಡೆಯದ ಮಾತು. ಒಂದೆರಡು ದನದ ಹಟ್ಟಿಯಲ್ಲಿ ಯಾರನ್ನು ತೆಗೆಯುವುದು? ಉಳಿದವು ಮಾತ್ರ ನಾಗುರಿಗೂ ಒಪ್ಪುತ್ತವೆ. ಆಳು ಸಿಗದ ನಮ್ಮ ಜಿಲ್ಲೆಯಲ್ಲಿ ಯಂತ್ರ ಈಗ ಸಣ್ಣ ಹಟ್ಟಿಗೂ ಬಂದಿದೆ. ಹಾಲು ಮುಗಿದ ಮೇಲೂ ಅದನ್ನು ಹಾಗೇ ಬಿಟ್ಟರೆ ಮೊಲೆಯ ತುದಿ ಒರಟಾಗಿ, ಸುತ್ತ ಹೂವಿನ ಎಸಳಿನ ಹಾಗೆ ಚರ್ಮ ಏಳುತ್ತದೆ. ಬಾಗಿಲ ಚೌಕಟ್ಟು ಹಾಳಾದಂತೆ.

ಬತ್ತಿಸುವಾಗ ಎಲ್ಲ ಹಸುವಿಗೂ ಆ್ಯಂಟಿಬಯೋಟಿಕ್ ಹಾಕುವ ಆ ಕ್ರಮವೇ ಐವತ್ತು ವರ್ಷದ ಮೇಲೆ ಪ್ರಶ್ನೆಗೆ ಗುರಿಯಾಯಿತು. ಮದ್ದಿಗೆ ಬಗ್ಗದ ರೋಗಾಣುಗಳ ಭಯದಿಂದ ಯುರೋಪಿನ ಒಕ್ಕೂಟ 2022ರ ಜನವರಿಯಿಂದ ರೋಗವಿಲ್ಲದ ಹಿಂಡಿಗೆ ಮುಂಜಾಗ್ರತೆಗೆಂದು ಆ್ಯಂಟಿಬಯೋಟಿಕ್ ಕೊಡುವ ರೂಢಿಗೆ ತಡೆಹಾಕಿತು. ಭಾರತ 2019ರಲ್ಲಿ ಆಹಾರದ ಪ್ರಾಣಿಗಳಿಗೆ ಕೊಲಿಸ್ಟಿನ್ ಬಳಕೆ ನಿಷೇಧಿಸಿತು. ಬಾವಿನ ನೋವಿಗೆ ಕೊಡುತ್ತಿದ್ದ ಡೈಕ್ಲೊಫೆನಾಕ್ ಸತ್ತ ದನ ತಿಂದ ರಣಹದ್ದುಗಳನ್ನು ಕೊಲ್ಲುತ್ತಿದೆ ಎಂದು ತಿಳಿದು 2006ರಲ್ಲೇ ಪಶುಗಳಿಗೆ ಅದನ್ನು ನಿಲ್ಲಿಸಲಾಗಿತ್ತು. ಆ ಜಾಗಕ್ಕೆ ಮೆಲಾಕ್ಸಿಕ್ಯಾಮ್ ಬಂತು. ಬತ್ತಿಸುವ ಹಸುವಿಗೆ ಈಗ ಬಿಸ್ಮತ್ ಸಬ್‌ನೈಟ್ರೇಟ್‌ನ ಅಂಟು ತುಂಬಿ ತೂತನ್ನು ಮುಚ್ಚುತ್ತಾರೆ. ಅದರಲ್ಲಿ ರೋಗಾಣು ಕೊಲ್ಲುವ ಗುಣವೇ ಇಲ್ಲ, ಬರೀ ಬಿರಡೆ.

ಇದೇ ಹೊತ್ತಿಗೆ ಹಟ್ಟಿಯ ಹಳೇ ಮದ್ದುಗಳೂ ಮರಳಿ ಬಂದವು. ತಮಿಳುನಾಡಿನ ಪಶುವೈದ್ಯ ಎನ್. ಪುಣ್ಯಮೂರ್ತಿ, ಬೆಂಗಳೂರಿನ ಟ್ರಾನ್ಸ್‌ಡಿಸಿಪ್ಲಿನರಿ ವಿಶ್ವವಿದ್ಯಾಲಯದ ಎಂ.ಎನ್. ಬಾಲಕೃಷ್ಣನ್ ನಾಯರ್ ಮೊದಲಾದವರು ರೈತರ ಮದ್ದುಗಳನ್ನು ಒರೆಹಚ್ಚಿ ಅಳತೆ ಕಟ್ಟಿದರು, ರಾಷ್ಟ್ರೀಯ ಡೇರಿ ಅಭಿವೃದ್ಧಿ ಮಂಡಳಿ ಅದನ್ನು ಹಾಲು ಒಕ್ಕೂಟಗಳ ಮೂಲಕ ಹರಡಿತು. ಲೋಳೆಸರ 250 ಗ್ರಾಂ, ಅರಿಶಿನ ಪುಡಿ 50 ಗ್ರಾಂ, ಸುಣ್ಣ 15 ಗ್ರಾಂ. ಅರೆಯುತ್ತಿದ್ದಂತೆ ಹಳದಿ ಹೋಗಿ ಕುರುದಿ ನೀರಿನ ಕೆಂಪು ಏರುತ್ತದೆ. ತೊಳೆದು ಹಿಂಡಿ ಖಾಲಿ ಮಾಡಿದ ಕೆಚ್ಚಲಿಗೆ ಒಂದು ಹಿಡಿಯನ್ನು ನೀರಿನಲ್ಲಿ ಕದಡಿ ಹಚ್ಚಬೇಕು, ದಿನಕ್ಕೆ ಹತ್ತು ಸಲ, ಐದು ದಿನ. ಜೊತೆಗೆ ಮೂರು ದಿನ ಎರಡೆರಡು ಲಿಂಬೆ ತಿನ್ನಿಸಬೇಕು. ನಾಗುರಿಯ ಅಕ್ಕ ಇದರಲ್ಲಿ ಎರಡು ಸಲ ಬಾವು ಇಳಿಸಿದ್ದಾರೆ. ಶುರುವಿನಲ್ಲೇ ಹಿಡಿದರೆ ಮೊದಲು ಇದನ್ನೇ ಮಾಡಬೇಕು ಎಂದು ನಾನು ನಂಬುತ್ತೇನೆ. ಮದ್ದಿನ ಕಾರಣಕ್ಕೆ ಹಾಲು ಚೆಲ್ಲಬೇಕಿಲ್ಲ, ಖರ್ಚೂ ಇಲ್ಲ, ದಿನಕ್ಕೆ ಹತ್ತು ಸಲ ಆ ಕೆಚ್ಚಲನ್ನು ಮುಟ್ಟಿ ನೋಡಿದಂತಾಗುತ್ತದೆ. ಆದರೆ ಹಸುವಿಗೆ ಜ್ವರ ಏರಿ, ಮೇವು ಬಿಟ್ಟು, ಹಾಲು ನೀರಿನ ಹಾಗೆ ಬಂದು, ಕೆಚ್ಚಲು ತಣ್ಣಗಾಗಿ ನೀಲಿ ತಿರುಗುತ್ತಿದ್ದರೆ ಅರೆಯುತ್ತ ಕೂರಬಾರದು. ಪಶು ಚಿಕಿತ್ಸೆಯ ಸಹಾಯವಾಣಿ 1962ಕ್ಕೆ ಫೋನು ಮಾಡಬೇಕು. ಆಗ ಗಂಟೆಗಳ ಲೆಕ್ಕ.

ಮೊನ್ನೆ ಹೋದಾಗ ಮಳೆ ಹಿಡಿದಿತ್ತು. ಅಕ್ಕ ಕರೆದು ಮುಗಿಸಿ, ಚಿಕ್ಕ ಲೋಟದ ಕಂದು ನೀರಿನಲ್ಲಿ ಮೊಲೆಗಳನ್ನು ಒಂದೊಂದಾಗಿ ಅದ್ದಿದರು. ನಾಲ್ಕು ತುದಿಯಲ್ಲಿ ನಾಲ್ಕು ಹನಿ ಅಯೋಡಿನ್ ನಿಂತಿತು. ಕೂಡಲೇ ಅಕ್ಕಚ್ಚಿನ ಬಾಲ್ದಿ ಮುಂದಿಟ್ಟು, ಅದು ಮುಗಿಯುವಷ್ಟರಲ್ಲಿ ಒಂದು ಕಟ್ಟು ಹಸಿಹುಲ್ಲು ಹಾಕಿದರು. ಮೊದಲೆಲ್ಲ ಅಕ್ಕಚ್ಚು ಕರೆಯುವ ಮುಂಚೆ ಕೊಡುತ್ತಿದ್ದರು. “ಈಗ ಮತ್ತೆ ಕೊಡುವುದು,” ಎಂದರು, “ತಿಂತಾ ನಿಂತರೆ ಮಲಗುವುದಿಲ್ಲ ಅಲ್ವಾ.” ಹಸು ನಿಂತೇ ತಿನ್ನುತ್ತಿತ್ತು. ನಾನು ಹೊರಟಾಗ ಮುಕ್ಕಾಲು ಗಂಟೆ ಕಳೆದಿತ್ತು, ಇನ್ನೂ ನಿಂತಿತ್ತು.